ಬಲವುಳ್ಳವರು ಬಿಟ್ಟುಕೊಟ್ಟಾಗ

ಕ್ರೈಸ್ತ ಸಭೆಯಲ್ಲಿ ಒಗ್ಗಟ್ಟು ಬೆಳೆಯುವುದು ಬಲವುಳ್ಳವರು ಮೊದಲು ಬಿಟ್ಟುಕೊಟ್ಟಾಗ. ಜೆರುಸಲೇಮಿನ ಆದಿ ಸಭೆಯಲ್ಲಿ ದಿನದ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ದೂರು ಎದ್ದಿತು. ಆ ಹೊಣೆಗೆ ಸಭೆ ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಹಂಚುವ ಅಧಿಕಾರ ನೊಂದವರ ಕಡೆಯವರ ಕೈಗೇ ಹೋಯಿತೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ಪರರ ಹಿತವನ್ನು ಮುಂದಿಡಿ ಎಂದು ಪೌಲನು ಫಿಲಿಪ್ಪಿಯವರಿಗೆ ಬರೆದಾಗ ಆ ಸಭೆಯಲ್ಲೂ ಇಬ್ಬರು ಸ್ತ್ರೀಯರ ನಡುವೆ ಮನಸ್ತಾಪವಿತ್ತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಈ ಬೋಧನೆಗೆ ಕೆಲಸ ಬಹಳ. ಮೊಡಂಕಾಪು, ಅಲಂಗಾರು, ಹೊಸಬೆಟ್ಟು ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದವು. ಅಲ್ಲಿನವರ ಮನೆಮಾತು ಹೆಚ್ಚಾಗಿ ಕೊಂಕಣಿ. ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕ್ಯಾಥೋಲಿಕರ ಮನೆಮಾತು ಮಲಯಾಳ. ಅವರಿಗಾಗಿ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಪೇಟೆಗಿಳಿದರೆ ತುಳು, ಶಾಲೆಯಲ್ಲಿ ಕನ್ನಡ. ಗೋವೆಯಿಂದ ಬಂದ ಬಾಮಣ್, ಚಾರೋಡಿ ಮೊದಲಾದ ಜಾತಿಗುರುತುಗಳೂ ಕೊಂಕಣಿ ಕ್ಯಾಥೋಲಿಕರಲ್ಲಿ ಪೂರ್ತಿ ಅಳಿದಿಲ್ಲ.

ಈ ನೆಲದ ಸಭೆ ಉಳಿದದ್ದೇ ಪರರ ಉಪಕಾರದಿಂದ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಹೆಚ್ಚಿನ ಚರ್ಚುಗಳು ನೆಲಸಮವಾದವು. ಹೊಸಬೆಟ್ಟಿನ ಹೋಲಿ ಕ್ರಾಸ್ ಚರ್ಚು ಉಳಿದುಕೊಂಡದ್ದು ಮೂಡುಬಿದಿರೆಯ ಚೌಟ ಅರಸರ ನೆರವಿನಿಂದ ಎನ್ನುತ್ತದೆ ಚರಿತ್ರೆ. ಜೈನ ಅರಸುಮನೆತನವೊಂದು ತನ್ನದಲ್ಲದ ದೇವಾಲಯಕ್ಕೆ ಆಸರೆಯಾದ ಈ ಸಂಗತಿಯನ್ನು ಪ್ರತಿ ಧರ್ಮೋಪದೇಶ ತರಗತಿಯಲ್ಲೂ ಹೇಳಿಕೊಡಬೇಕು. 1799ರಲ್ಲಿ ಬಿಡುಗಡೆಯಾಗಿ ಮರಳಿದವರಲ್ಲಿ ಅನೇಕರಿಗೆ ಜಮೀನೂ ಉಳಿದಿರಲಿಲ್ಲ. ಒಬ್ಬರಿಗೊಬ್ಬರು ಆಗದೆ ಬದುಕು ಕಟ್ಟುವಂತಿರಲಿಲ್ಲ.

ಈ ಆಸರೆಗೆ ಇಂದು ಚರ್ಚಿನೊಳಗೆ ಒಂದು ವ್ಯವಸ್ಥೆಯೇ ಇದೆ. ಚರ್ಚಿನ ವ್ಯಾಪ್ತಿಯನ್ನು ವಾಡೆಗಳಾಗಿ ವಿಂಗಡಿಸಿ, ಪ್ರತಿ ವಾಡೆಗೆ ಗುರ್ಕಾರರೆಂಬ ಮುಖಂಡರು ಇರುತ್ತಾರೆ. ಯಾರ ಮನೆಯಲ್ಲಿ ಸಾವು, ಯಾರಿಗೆ ಕಾಯಿಲೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದು ಪಾದ್ರಿಗಳಿಗಿಂತ ಮೊದಲು ಗುರ್ಕಾರರಿಗೆ ಗೊತ್ತಾಗುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಹೊಸ ತೆನೆ ಗದ್ದೆ ಇದ್ದವರಿಗೂ ಇಲ್ಲದವರಿಗೂ ಸಿಗುತ್ತದೆ. ಪವಿತ್ರ ಗುರುವಾರ ಪಾದ್ರಿಗಳು ಭಕ್ತರ ಕಾಲು ತೊಳೆಯುತ್ತಾರೆ; 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ಸಾಲಿನಲ್ಲಿ ಸ್ತ್ರೀಯರಿಗೂ ಅವಕಾಶ ಕೊಟ್ಟರು.

ಸಭೆ ಸಭೆಗಳ ನಡುವೆಯೂ ಇದೇ ದಾರಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ, ಬಿಷಪರಿಲ್ಲದೆ ನಡೆದು ಬಂದಿದ್ದ ಸಭೆಗಳು ಬಿಷಪರನ್ನು ಒಪ್ಪಿಕೊಂಡವು. ಆಂಗ್ಲಿಕನ್ನರು ಆ ಸಭೆಗಳ ಪಾದ್ರಿಗಳನ್ನು ಮರುದೀಕ್ಷೆ ಕೇಳದೆ ಸ್ವೀಕರಿಸಿದರು. ಎರಡೂ ಕಡೆಯವರು ಬಿಟ್ಟುಕೊಟ್ಟದ್ದು ಪ್ರಾಣಕ್ಕೆ ಸಮನಾಗಿ ಕಾಪಾಡಿಕೊಂಡು ಬಂದದ್ದನ್ನು.

ಆದರೆ ತಗ್ಗುವ ಸರದಿ ಯಾವಾಗಲೂ ಬಡವರದು, ಹೆಂಗಸರದು, ಕೀಳೆಂದು ಕರೆಸಿಕೊಂಡ ಮನೆತನದವರದು ಆಗಿಬಿಟ್ಟರೆ ಅದು ಬಾಯಿ ಮುಚ್ಚಿಸುವ ಕೆಲಸ, ಒಗ್ಗಟ್ಟಲ್ಲ. ಪಾಲನಾ ಮಂಡಳಿಯ ಹುದ್ದೆ, ಹಬ್ಬದ ವೇದಿಕೆ, ಬಲಿಪೂಜೆಯ ಭಾಷೆ, ವಾಚನ ಓದುವ ಅವಕಾಶ ಇವೆಲ್ಲ ಬಲವುಳ್ಳವರ ಕೈಯಲ್ಲಿವೆ. ಮುಂದಿನ ಹಬ್ಬಕ್ಕೆ ಹೆಸರುಗಳ ಪಟ್ಟಿ ಬರೆಯುವ ಮಂಡಳಿಗಳು ಇದುವರೆಗೆ ಒಮ್ಮೆಯೂ ಕರೆಯಿಸಿಕೊಳ್ಳದ ಮನೆಗಳಿಂದಲೇ ಶುರುಮಾಡಲಿ.