ಪ್ರಕಟವಾದ ಸುದ್ದಿಯನ್ನು ತಿದ್ದುವ ಬಗೆ

ಚಾಮರಾಜನಗರ: ಅಚ್ಚಿನ ಪತ್ರಿಕೆಯಲ್ಲಿ ತಪ್ಪಾಗಿ ಮುದ್ರಣಗೊಂಡ ಸಂಖ್ಯೆಯನ್ನು ಯಾರೂ ಅಳಿಸಲಾರರು. ಮರುದಿನ ಒಳಪುಟದ ಮೂಲೆಯಲ್ಲಿ ತಿದ್ದುಪಡಿಯೊಂದು ಬರುತ್ತದೆ. ಹಿಂದಿನ ದಿನದ ಸಂಚಿಕೆ ಗ್ರಂಥಾಲಯದ ಕಟ್ಟಿನಲ್ಲಿ ಹಾಗೆಯೇ ಉಳಿಯುತ್ತದೆ. ಅಂತರ್ಜಾಲ ತಾಣದಲ್ಲಿ ಹಾಗಲ್ಲ. ಪ್ರಕಟವಾದ ಲೇಖನವನ್ನು ಅರೆನಿಮಿಷದಲ್ಲಿ ಬದಲಿಸಬಹುದು. ಬದಲಾದದ್ದು ಓದುಗರಿಗೆ ತಿಳಿಯದಂತೆಯೂ ನೋಡಿಕೊಳ್ಳಬಹುದು. ಈ ಸೌಲಭ್ಯವನ್ನು ಒದಗಿಸುವ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂಬ ಹೆಸರಿದೆ. ಸುದ್ದಿಮನೆಗಳಲ್ಲಿ ಅದು ಸಿಎಂಎಸ್ ಎಂದೇ ಪರಿಚಿತ.

ಮೊದಲು ತಾಣದ ಪ್ರತಿಯೊಂದು ಪುಟವನ್ನೂ ಪ್ರತ್ಯೇಕ ಕಡತವಾಗಿ ಸಿದ್ಧಪಡಿಸಿ ಸರ್ವರ್‌ಗೆ ಏರಿಸಬೇಕಾಗಿತ್ತು. 2001ರಲ್ಲಿ ದ್ರುಪಲ್, 2003ರಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಜೂಮ್ಲಾ ಬಂದವು. ಇವುಗಳಲ್ಲಿ ಬರಹವು ದತ್ತಾಂಶ ಕೋಶದಲ್ಲಿರುತ್ತದೆ, ಪುಟದ ವಿನ್ಯಾಸ ಬೇರೆಡೆ ಇರುತ್ತದೆ. ಓದುಗರು ಕೊಂಡಿಯನ್ನು ಒತ್ತಿದಾಗ ಎರಡೂ ಕೂಡಿ ಪುಟವಾಗುತ್ತವೆ. ವರದಿಗಾರರು ಶೀರ್ಷಿಕೆ, ಬರಹ, ವಿಭಾಗ, ಚಿತ್ರ ಇವಿಷ್ಟನ್ನು ತುಂಬಿ ಕರಡಾಗಿ ಉಳಿಸಿದರೆ ಸಾಕು. ಯಾರಿಗೆ ಎಷ್ಟು ಅಧಿಕಾರ ಎಂಬುದನ್ನೂ ವ್ಯವಸ್ಥೆಯೇ ನಿಗದಿಪಡಿಸುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕಾಂಟ್ರಿಬ್ಯೂಟರ್ ದರ್ಜೆಯವರು ಬರೆಯಬಹುದು, ಪ್ರಕಟಿಸಲಾಗದು. ಚಿತ್ರವನ್ನು ಏರಿಸುವ ಅಧಿಕಾರವೂ ಅವರಿಗಿಲ್ಲ. ಗುಂಡ್ಲುಪೇಟೆಯ ಅರೆಕಾಲಿಕ ವರದಿಗಾರರಿಗೆ ಈ ದರ್ಜೆಯನ್ನು ಕೊಟ್ಟರೆ ಅವರು ಬಂಡೀಪುರದ ಕಾಳ್ಗಿಚ್ಚಿನ ಚಿತ್ರವನ್ನು ಬೇರೆ ದಾರಿಯಲ್ಲಿ ಕಳುಹಿಸಬೇಕಾಗುತ್ತದೆ. ಸಂಪಾದಕರ ದರ್ಜೆಯವರು ಎಲ್ಲರ ಬರಹವನ್ನೂ ತಿದ್ದಿ ಪ್ರಕಟಿಸಬಲ್ಲರು.

ನುಡಿಯಿಂದ ಯೂನಿಕೋಡ್‌ಗೆ

ಕನ್ನಡ ದಿನಪತ್ರಿಕೆಯೊಂದು ಅಂತರ್ಜಾಲಕ್ಕೆ ಬಂದಾಗ ಎದುರಾಗುವ ಮೊದಲ ತೊಡಕು ಅಕ್ಷರಗಳದ್ದು. ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಗಣಕಯಂತ್ರದೊಳಗೆ ಇರುವುದು ರೋಮನ್ ಅಕ್ಷರಗಳು ಹಾಗೂ ಚಿಹ್ನೆಗಳು. ಆ ಬರಹವನ್ನು ಸಿಎಂಎಸ್‌ನಲ್ಲಿ ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ತೋರುತ್ತದೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ಊರು ಮತ್ತು ವ್ಯಕ್ತಿಗಳ ಹೆಸರುಗಳಲ್ಲಿ ಒಂದು ಒತ್ತಕ್ಷರ ಬಿದ್ದುಹೋದರೆ ಆ ಲೇಖನ ಹುಡುಕಾಟದಲ್ಲಿ ಸಿಗುವುದಿಲ್ಲ.

ಊರ ಹೆಸರಿನ ಕಾಗುಣಿತವನ್ನೂ ಸುದ್ದಿಮನೆ ಒಮ್ಮೆ ತೀರ್ಮಾನಿಸಿಕೊಳ್ಳಬೇಕು. ಚಾಮರಾಜನಗರ, ಚಾಮರಾಜ ನಗರ, ಚಾ.ನಗರ ಈ ಮೂರೂ ಓದುಗರಿಗೆ ಒಂದೇ ಊರು, ಯಂತ್ರಕ್ಕೆ ಮೂರು. ಒಬ್ಬ ಉಪಸಂಪಾದಕರು ಒಂದನ್ನೂ ಮತ್ತೊಬ್ಬರು ಇನ್ನೊಂದನ್ನೂ ಟ್ಯಾಗ್ ಆಗಿ ನೀಡಿದರೆ ಜಿಲ್ಲೆಯ ಸುದ್ದಿಗಳು ಮೂರು ಪಟ್ಟಿಗಳಲ್ಲಿ ಹಂಚಿಹೋಗುತ್ತವೆ.

ಕೊಂಡಿಯಲ್ಲಿ ಸಂಖ್ಯೆ ಬೇಡ

ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದಾಗ ವರ್ಡ್‌ಪ್ರೆಸ್ ಅದನ್ನೇ ಕೊಂಡಿಯಾಗಿ ಬಳಸಿಕೊಳ್ಳುತ್ತದೆ. ಕೊಂಡಿಯ ಈ ಭಾಗಕ್ಕೆ 200 ಚಿಹ್ನೆಗಳ ಮಿತಿಯಿದೆ. ಕನ್ನಡದ ಒಂದೊಂದು ಅಕ್ಷರ ಅಥವಾ ಸ್ವರಚಿಹ್ನೆ ಅಲ್ಲಿ 9 ಚಿಹ್ನೆಗಳಾಗಿ ವಿಸ್ತರಿಸುತ್ತದೆ. ಹೀಗಾಗಿ ‘ಚಾಮರಾಜನಗರ’ ಎಂಬುದಕ್ಕೆ 81, ‘ಗುಂಡ್ಲುಪೇಟೆ’ ಎಂಬುದಕ್ಕೆ 99. ಎರಡು ಊರುಗಳ ಹೆಸರನ್ನು ಅಡ್ಡಗೆರೆಯಿಂದ ಸೇರಿಸಿದರೆ 181 ಮುಗಿದವು! ಉಳಿದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಪ್ರಕಟಿಸುವ ಮುನ್ನ ಕೊಂಡಿಯನ್ನು ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ಬರೆದುಕೊಳ್ಳುವುದು ಮೇಲು.

ಕೊಂಡಿಯಲ್ಲಿ ಸಂಖ್ಯೆಯನ್ನು ಸೇರಿಸುವುದು ಇನ್ನೂ ದೊಡ್ಡ ಪ್ರಮಾದ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಾಲಯದಲ್ಲಿ ವಿಷಪ್ರಸಾದ ಸೇವಿಸಿದವರನ್ನು ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಆ ಸಂಜೆ ಹೇಳಿದ ಸಾವಿನ ಸಂಖ್ಯೆ ಮರುದಿನ ಬೆಳಿಗ್ಗೆ ಹಳತಾಗಿತ್ತು. ದಿನಗಳು ಕಳೆದಂತೆ ಅದು 17ಕ್ಕೆ ಏರಿತು. ಇಂತಹ ಸುದ್ದಿಯಲ್ಲಿ ಶೀರ್ಷಿಕೆಯನ್ನು ತಿದ್ದಿದರೂ ಈಗಾಗಲೇ ಪ್ರಕಟವಾದ ಕೊಂಡಿ ತಾನಾಗಿ ಬದಲಾಗುವುದಿಲ್ಲ. ಮೊದಲ ಸಂಜೆಯ ಸಂಖ್ಯೆ ಕೊಂಡಿಯಲ್ಲಿ ಉಳಿದು, ಪುಟದ ಮೇಲಿನ ಸಂಖ್ಯೆಯೊಡನೆ ಜಗಳವಾಡುತ್ತಿರುತ್ತದೆ. ತಮ್ಮವರನ್ನು ಕಳೆದುಕೊಂಡ ಕುಟುಂಬವೊಂದು ವರ್ಷಗಳ ನಂತರ ಆ ಪುಟವನ್ನು ತೆರೆದು ನೋಡಬಹುದು ಎಂಬುದು ಸುದ್ದಿಮನೆಯ ನೆನಪಿನಲ್ಲಿರಬೇಕು.

ತಿದ್ದುವುದೇ, ಹೊಸದು ಬರೆಯುವುದೇ?

ಏರುವ ಸಂಖ್ಯೆಯನ್ನು ಅದೇ ಲೇಖನದಲ್ಲಿ ತಿದ್ದಬಹುದು. ಆದರೆ ಎಲ್ಲ ಬದಲಾವಣೆಗಳೂ ತಿದ್ದುಪಡಿಗಳಲ್ಲ. ಬಂಡೀಪುರದ ರಾತ್ರಿ ಸಂಚಾರ ನಿಷೇಧ ಇದಕ್ಕೆ ಉತ್ತಮ ನಿದರ್ಶನ. 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂಪಡೆಯಲಾಯಿತು. ಹಿಂಪಡೆದ ಕ್ರಮಕ್ಕೆ ಹೈಕೋರ್ಟ್ ತಡೆ ನೀಡಿತು. 2010ರ ಮಾರ್ಚ್‌ನಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಇವು ನಾಲ್ಕು ಘಟನೆಗಳು, ಆದ್ದರಿಂದ ನಾಲ್ಕು ಲೇಖನಗಳು. ಮೊದಲನೆಯ ಲೇಖನವನ್ನೇ ಪ್ರತಿ ಬಾರಿ ಅಳಿಸಿ ಬರೆದಿದ್ದರೆ ನಿಷೇಧ ಒಮ್ಮೆ ರದ್ದಾಗಿತ್ತೆಂಬ ಸಂಗತಿಯೇ ತಾಣದಿಂದ ಮಾಯವಾಗುತ್ತಿತ್ತು. ಹಳೆಯ ಲೇಖನದ ತಲೆಯಲ್ಲಿ ಹೊಸದರ ಕೊಂಡಿ ಕೊಟ್ಟರೆ ಸಾಕು.

ಅದೇ ರಸ್ತೆಯ ಸಂಖ್ಯೆಯೂ ಬದಲಾಗಿದೆ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ ಹಿಂದೆ 212, ಈಗ 766. ಊಟಿಯ ಹೆದ್ದಾರಿ ಹಿಂದೆ 67, ಈಗ 181. 2009ರ ವರದಿಯಲ್ಲಿರುವ 212 ತಪ್ಪಲ್ಲ, ಅದನ್ನು ಅಳಿಸುವಂತಿಲ್ಲ. ಹೊಸ ಸಂಖ್ಯೆಯನ್ನು ಟ್ಯಾಗ್ ಆಗಿ ಸೇರಿಸಿದರೆ ಇಂದು 766 ಎಂದು ಹುಡುಕುವವರಿಗೂ ಆ ವರದಿ ದೊರೆಯುತ್ತದೆ.

ನಿಜವಾದ ತಪ್ಪನ್ನು ಮಾತ್ರ ತಿದ್ದಲೇಬೇಕು, ತಿದ್ದಿದ್ದನ್ನು ಹೇಳಲೂ ಬೇಕು. ವರ್ಡ್‌ಪ್ರೆಸ್ 2008ರಿಂದ ಪ್ರತಿ ಲೇಖನದ ಹಿಂದಿನ ಆವೃತ್ತಿಗಳನ್ನು ಉಳಿಸಿಕೊಳ್ಳುತ್ತಿದೆ. ಎರಡು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು, ಹಳೆಯದನ್ನು ಮರಳಿ ತರಬಹುದು. ಆದರೆ ಈ ಇತಿಹಾಸ ಕಾಣುವುದು ಒಳಗಿನವರಿಗೆ ಮಾತ್ರ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನದ ಪ್ರತಿ ಬದಲಾವಣೆಯ ಇತಿಹಾಸವೂ ಓದುಗರೆಲ್ಲರಿಗೆ ತೆರೆದಿದೆ. ಸುದ್ದಿತಾಣದಲ್ಲಿ ಆ ಕೆಲಸವನ್ನು ಲೇಖನದ ಕೊನೆಯ ಒಂದು ಸಾಲು ಮಾಡಬೇಕು: ಏನು ತಪ್ಪಾಗಿತ್ತು, ಯಾವ ದಿನ ತಿದ್ದಲಾಯಿತು. ತಿದ್ದುವಾಗ ಪ್ರಕಟಣೆಯ ಮೂಲ ದಿನಾಂಕವನ್ನು ಮುಟ್ಟಬಾರದು. ಹಳೆಯ ಸುದ್ದಿ ಮೇಲಕ್ಕೆ ಬರಲೆಂದು ದಿನಾಂಕ ಬದಲಿಸುವ ಚಾಳಿ ಕೆಲವೆಡೆ ಉಂಟು. ಕಳೆದ ವರ್ಷದ ಕಾಳ್ಗಿಚ್ಚು ಇಂದು ಹೊತ್ತಿದಂತೆ ಕಾಣುವುದು ಹೀಗೆಯೇ.

ಅಳಿಸಿದ ಲೇಖನ ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಸಾಮಾನ್ಯವಾಗಿ 30 ದಿನಗಳವರೆಗೆ ಅದನ್ನು ಮರಳಿ ಪಡೆಯಬಹುದು. ನಂತರ ಅದು ತನ್ನ ಎಲ್ಲ ಹಳೆಯ ಆವೃತ್ತಿಗಳೊಡನೆ ತಾನಾಗಿಯೇ ಅಳಿದುಹೋಗುತ್ತದೆ. ಅಚ್ಚಿನ ಸಂಚಿಕೆ ನಿಂತುಹೋದ ಪತ್ರಿಕೆಗೆ ಗ್ರಂಥಾಲಯದ ಕಟ್ಟಿನಲ್ಲಿ ಇನ್ನೊಂದು ಪ್ರತಿ ಇರುವುದಿಲ್ಲವಾದ್ದರಿಂದ ದತ್ತಾಂಶ ಕೋಶದ ನಕಲನ್ನು ಸರ್ವರ್‌ನ ಹೊರಗೆ ಬೇರೆಡೆಯೂ ಇರಿಸಿಕೊಳ್ಳಬೇಕಾಗುತ್ತದೆ.