ನಿಮ್ಮ ಫೋನಿನೊಳಗೆ ಕಾಂಗೋ ಮಣ್ಣಿದೆ!

2025ರ ಜನವರಿ ಕೊನೆಯ ವಾರ. ‘ಕಾಂಗೋದ ಗೋಮಾ ನಗರ ಎಂ23 ಬಂಡುಕೋರರ ವಶಕ್ಕೆ’ ಅಂತ ಒಂದು ಸಾಲಿನ ಸುದ್ದಿ ನನ್ನ ಮುಂದೆ ಬಂತು. ಓದಿದೆ, ಮುಂದಿನ ಸುದ್ದಿಗೆ ಹೋದೆ. ಇಪ್ಪತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಬುಲೆಟಿನ್ ಮುಗಿಸಿ ಮೊಬೈಲ್ ಕೈಗೆ ತಗೊಂಡಾಗ ನಾಚಿಕೆಯಾಯ್ತು. ಯಾಕೆ ಅಂತ ಹೇಳ್ತೀನಿ.

ಇಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಹಳದಿ ಬಣ್ಣದ, ಕಡಲೆಕಾಳಿನಷ್ಟು ಪುಟ್ಟ ಟ್ಯಾಂಟಲಮ್ ಕೆಪಾಸಿಟರ್ ಇರ್ತಿತ್ತು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಪಟಾಕಿ ಥರ ಸಿಡಿಯೋದು. ನಾನೇ ಎರಡು ಸುಟ್ಟಿದ್ದೇನೆ. ವೈವಾದಲ್ಲಿ ಎಷ್ಟು ಮೈಕ್ರೋಫ್ಯಾರಡ್ ಅಂತ ಕೇಳಿದರು. ಆ ಲೋಹ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲಿಲ್ಲ.

ಬರೋದು ಕೋಲ್ಟಾನ್ ಅನ್ನೋ ಕಪ್ಪು ಅದಿರಿನಿಂದ. ಅದರ ದೊಡ್ಡ ಪಾಲು ಸಿಗೋದು ಪೂರ್ವ ಕಾಂಗೋದಲ್ಲಿ. ಗೋಮಾದ ಪಶ್ಚಿಮಕ್ಕೆ ರುಬಾಯಾ ಅಂತ ಊರಿದೆ. ಅಲ್ಲಿ ಜನ ಗುದ್ದಲಿ, ಸಲಿಕೆ ಹಿಡಿದು ಕೈಯಿಂದಲೇ ಗುಡ್ಡ ಅಗೆಯುತ್ತಾರೆ. 2024ರಲ್ಲಿ ಎಂ23 ಆ ಊರನ್ನು ಹಿಡಿಯಿತು. ಅಲ್ಲಿ ಹಾಕಿದ ತೆರಿಗೆಯಿಂದಲೇ ಬಂಡುಕೋರರಿಗೆ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಬರುತ್ತೆ ಅನ್ನೋದು ವಿಶ್ವಸಂಸ್ಥೆ ತಜ್ಞರ ಲೆಕ್ಕ. ಬಂದೂಕಿಗೆ ದುಡ್ಡೆಲ್ಲಿಂದ ಅಂತ ಬೇರೆ ಹೇಳಬೇಕಾ?

ಹಾಗಂತ ಗಣಿಯೊಂದೇ ಕಾರಣ ಅಂದ್ರೆ ತಪ್ಪಾಗುತ್ತೆ. 1994ರ ರುವಾಂಡಾ ನರಮೇಧದ ಗಾಯ ಇನ್ನೂ ಅಲ್ಲಿ ಮಾಗಿಲ್ಲ. ಜೊತೆಗೆ ಇನ್ನೊಂದು ವಿಷಯ ನೋಡಿ. ಬೋಟ್ಸ್ವಾನಾದಲ್ಲೂ ವಜ್ರ ರಾಶಿ ರಾಶಿ ಇದೆ, ಆದರೆ ಯುದ್ಧವಿಲ್ಲ. ಆ ದೇಶ ಸ್ವತಂತ್ರವಾಗಿದ್ದು 1966ರಲ್ಲಿ, ದೊಡ್ಡ ವಜ್ರದ ನಿಕ್ಷೇಪ ಸಿಕ್ಕಿದ್ದು ಅದರ ಮಾರನೇ ವರ್ಷ. ಹಾಗಾಗಿ ಯಜಮಾನಿಕೆ ಅವರ ಕೈಯಲ್ಲೇ ಉಳಿಯಿತು.

ಕಾಂಗೋ ಕಥೆ ಉಲ್ಟಾ. ಅಲ್ಲಿ ಸರ್ಕಾರ ಅನ್ನೋದು ಹುಟ್ಟಿದ್ದೇ ದೋಚೋದಕ್ಕೆ. 1885ರಲ್ಲಿ ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್, ತನ್ನ ದೇಶಕ್ಕಿಂತ ಎಪ್ಪತ್ತೈದು ಪಟ್ಟು ದೊಡ್ಡ ನೆಲವನ್ನು ಸ್ವಂತ ಆಸ್ತಿ ಮಾಡಿಕೊಂಡ. ಬೆಲ್ಜಿಯಂ ಸರ್ಕಾರದ್ದಲ್ಲ, ಅವನೊಬ್ಬನದು! ಆ ಪುಣ್ಯಾತ್ಮ ಒಂದು ದಿನವೂ ಅಲ್ಲಿಗೆ ಕಾಲಿಡಲಿಲ್ಲ. ಊರೂರಿಗೆ ಇಷ್ಟು ರಬ್ಬರ್ ಅಂತ ನಿಗದಿ. ತಪ್ಪಿದರೆ ಸೈನಿಕರು ಬರ್ತಿದ್ದರು. ಖರ್ಚಾದ ಗುಂಡಿಗೆ ಲೆಕ್ಕ ಕೊಡಬೇಕಿತ್ತು; ಆ ಲೆಕ್ಕಕ್ಕೆ ಅವರು ತರ್ತಿದ್ದದ್ದು ಕತ್ತರಿಸಿದ ಕೈಗಳನ್ನು. ಜಗತ್ತೆಲ್ಲ ಛೀ ಥೂ ಅಂದ ಮೇಲೆ 1908ರಲ್ಲಿ ಬೆಲ್ಜಿಯಂ ಸರ್ಕಾರ ಆಡಳಿತ ವಹಿಸಿಕೊಂಡಿತು. ರಬ್ಬರ್ ಜಾಗಕ್ಕೆ ಕಟಾಂಗಾ ಪ್ರಾಂತ್ಯದ ತಾಮ್ರ ಬಂತು, ಯೂನಿಯನ್ ಮಿನಿಯೇರ್ ಅನ್ನೋ ಗಣಿ ಕಂಪನಿ ಬಂತು. ಹಿರೋಷಿಮಾ ಬಾಂಬಿನ ಯುರೇನಿಯಂನ ಬಹುಪಾಲು ಹೋಗಿದ್ದೂ ಅದೇ ಕಟಾಂಗಾದಿಂದ.

1960ರ ಜೂನ್ 30ಕ್ಕೆ ಸ್ವಾತಂತ್ರ್ಯ ಸಿಕ್ಕಾಗ ಅಷ್ಟು ದೊಡ್ಡ ದೇಶದಲ್ಲಿ ಮೂವತ್ತು ಜನ ಪದವೀಧರರೂ ಇರಲಿಲ್ಲ. ಹನ್ನೊಂದೇ ದಿನ. ಜುಲೈ 11ಕ್ಕೆ ಕಟಾಂಗಾ ತಾನು ಬೇರೆ ದೇಶ ಅಂತ ಘೋಷಿಸಿತು. ಬೆನ್ನ ಹಿಂದೆ ಬೆಲ್ಜಿಯಂ ಸೈನ್ಯ. ಗಣಿ ಕಂಪನಿಯ ತೆರಿಗೆ ರಾಜಧಾನಿಗೆ ಹೋಗುವ ಬದಲು ಬಂಡಾಯ ಸರ್ಕಾರದ ಖಜಾನೆಗೆ. ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು 1961ರ ಜನವರಿ 17ರಂದು ಅದೇ ಕಟಾಂಗಾದಲ್ಲಿ ಗುಂಡಿಟ್ಟು ಕೊಂದರು, ಶವವನ್ನು ಆಸಿಡ್‌ನಲ್ಲಿ ಕರಗಿಸಿದರು. ಉಳಿದ ಒಂದು ಹಲ್ಲು ಬೆಲ್ಜಿಯಂ ಪೊಲೀಸ್ ಅಧಿಕಾರಿಯೊಬ್ಬನ ಹತ್ತಿರ ಇತ್ತು. ಕುಟುಂಬಕ್ಕೆ ಅದು ಸಿಕ್ಕಿದ್ದು 2022ರಲ್ಲಿ. ಆಮೇಲೆ ಬಂದ ಮೊಬುಟು 32 ವರ್ಷ ಆಳಿದ. ಲಿಯೋಪೋಲ್ಡ್ ಕಟ್ಟಿದ ಯಂತ್ರ ಅದೇ, ಸ್ವಿಚ್ ಮೇಲಿನ ಕೈ ಮಾತ್ರ ಬೇರೆ.

ಕಟಾಂಗಾ ಗಲಾಟೆ ನಿಲ್ಲಿಸೋಕೆ ವಿಶ್ವಸಂಸ್ಥೆ ಕಳಿಸಿದ ಪಡೆಯಲ್ಲಿ ನಮ್ಮವರೂ ಇದ್ದರು. 1961ರ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಹುತಾತ್ಮರಾದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಬಂತು. ಅರವತ್ತು ವರ್ಷ ದಾಟಿತು. 2025ರಲ್ಲಿ ಗೋಮಾ ಬಿದ್ದಾಗಲೂ ಶಾಂತಿಪಾಲನಾ ಪಡೆಯ ಭಾರತೀಯ ಯೋಧರು ಅದೇ ಊರಲ್ಲಿದ್ದರು. ನಾನು ಓದಿದ ಆ ಒಂದು ಸಾಲಿನಲ್ಲಿ ಅದು ಇರಲಿಲ್ಲ.