ಹದಿಹರೆಯದವರ ದೃಷ್ಟಿಯಲ್ಲಿ ನಾಯಕ: ಲಿಂಗಂಪಲ್ಲಿಯ ಕನ್ನಡ ಮನೆಗಳ ಸಂದರ್ಭ

ರಾಜಕೀಯ ನಾಯಕರನ್ನು ಕುರಿತ ಅಭಿಪ್ರಾಯವು ಮಕ್ಕಳಿಗೆ ತಂದೆತಾಯಿಗಳಿಂದ ಬಳುವಳಿಯಾಗಿ ಬರುತ್ತದೆಂಬುದು ಹಳೆಯ ನಂಬಿಕೆ. ಅಮೆರಿಕದಲ್ಲಿ 1965ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳನ್ನೂ ಅವರ ಪಾಲಕರನ್ನೂ ಪ್ರಶ್ನಿಸಿದ ಜೆನಿಂಗ್ಸ್ ಮತ್ತು ನೀಮಿ ಅವರಿಗೆ ಪಕ್ಷನಿಷ್ಠೆಯಲ್ಲಿ ಸಾಕಷ್ಟು ಹೋಲಿಕೆ ಕಂಡಿತಾದರೂ ಇತರ ಅಭಿಪ್ರಾಯಗಳಲ್ಲಿ ಅದು ದುರ್ಬಲವಾಗಿತ್ತು. ಮನೆಯ ಭಾಷೆಯೊಂದು, ಊರಿನ ಭಾಷೆ ಮತ್ತೊಂದು ಆದಲ್ಲಿ ಈ ಬಳುವಳಿಯ ಗತಿಯೇನು? ಹೈದರಾಬಾದಿನ ಪಶ್ಚಿಮದಂಚಿನ ಲಿಂಗಂಪಲ್ಲಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಯಸುತ್ತೇವೆ.

ಲಿಂಗಂಪಲ್ಲಿಯು ವಾಡಿಗೆ ಹೋಗುವ ರೈಲುಮಾರ್ಗದ ಮೇಲಿದೆ; ತಾಂಡೂರು ದಾಟಿದರೆ ಸೇಡಂ. 1956ರ ನವೆಂಬರ್ 1ಕ್ಕೆ ಮೊದಲು ಇವೆಲ್ಲ ಒಂದೇ ರಾಜ್ಯದಲ್ಲಿದ್ದವು. ಕಲಬುರಗಿ, ಬೀದರಗಳಿಂದ ಬಂದು ಇಲ್ಲಿ ನೆಲೆಸಿದವರನ್ನು ಹೊರನಾಡಿಗೆ ಹೋದವರೆನ್ನುವುದಕ್ಕಿಂತ ತಮ್ಮ ಹಳೆಯ ರಾಜಧಾನಿಗೆ ಬಂದವರೆನ್ನುವುದೇ ಉಚಿತ.

ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಉದಾಹರಣೆಯನ್ನೇ ನೋಡಬಹುದು. ಈ ಭಾಗದ ಹಿರಿಯರಿಗೆ 1948 ಎಂದರೆ 'ರಜಾಕಾರರ ಹಾವಳಿ'. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡ. ಅವರ ಸ್ಮೃತಿಯಲ್ಲಿ ನಿಜಾಮನೂ ರಜಾಕಾರನೂ ಬೇರೆಬೇರೆಯಲ್ಲ. ಮನೆಯಿಂದ ಹೊರಬಿದ್ದ ಹುಡುಗನ ಕಣ್ಣಿಗೆ ಬೀಳುವುದಾದರೋ ಉಸ್ಮಾನಿಯಾ ಆಸ್ಪತ್ರೆ, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ, 1920ರಲ್ಲಿ ಮುಗಿದ ಉಸ್ಮಾನ್ ಸಾಗರ. (1908ರ ಮೂಸಿ ಪ್ರವಾಹದ ತರುವಾಯ ಈ ಜಲಾಶಯಗಳಿಗೆ ಸಲಹೆಯಿತ್ತವರು ವಿಶ್ವೇಶ್ವರಯ್ಯನವರು ಎಂಬುದನ್ನು ಕನ್ನಡ ಮನೆಗಳು ಹೆಮ್ಮೆಯಿಂದ ನೆನೆಯಬಹುದು, ನಿಜಾಮನ ಹೆಸರು ಅಲ್ಲಿ ಬಾರದಿರಲೂಬಹುದು.) ಇನ್ನು ಸೆಪ್ಟೆಂಬರ್ 17. ಕರ್ನಾಟಕದಲ್ಲಿ ಅದು ವಿಮೋಚನಾ ದಿನವಾಗಿದ್ದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವಾಯಿತು. 2022ರಲ್ಲಿ ಕೇಂದ್ರ ಸರ್ಕಾರ ಹೈದರಾಬಾದಿನಲ್ಲಿ ವಿಮೋಚನಾ ದಿನವನ್ನೂ ತೆಲಂಗಾಣ ಸರ್ಕಾರ ರಾಷ್ಟ್ರೀಯ ಸಮೈಕ್ಯತಾ ದಿನವನ್ನೂ ಆಚರಿಸಿದವು. 2024ರಲ್ಲಿ ರಾಜ್ಯದ ಆಚರಣೆ ಪ್ರಜಾಪಾಲನಾ ದಿನೋತ್ಸವವಾಯಿತು.

ಹನ್ನೊಂದರಿಂದ ಹದಿನೆಂಟರ ವಯಸ್ಸಿನವರನ್ನು ಅಧ್ಯಯನ ಮಾಡಿದ ಏಡಲ್ಸನ್ ಮತ್ತು ಓನೀಲ್ (1966) ಅವರ ಪ್ರಕಾರ ಹದಿಮೂರು-ಹದಿನೈದರ ನಡುವೆ ಮುಖ್ಯ ತಿರುವೊಂದು ಬರುತ್ತದೆ; ವ್ಯಕ್ತಿಯನ್ನಷ್ಟೇ ಕಾಣುತ್ತಿದ್ದ ಮನಸ್ಸು ವ್ಯವಸ್ಥೆಯನ್ನೂ ಕಾಣತೊಡಗುತ್ತದೆ. ಆಗ 'ನಿಜಾಮ ಒಳ್ಳೆಯವನೋ ಕೆಟ್ಟವನೋ' ಎಂಬ ಪ್ರಶ್ನೆ ಒಡೆದು, ಯಾವ ಕೃತ್ಯಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯಾಗುತ್ತದೆ. ಲಿಂಗಂಪಲ್ಲಿಯ ಹುಡುಗನ ತೊಡಕಿರುವುದು ಇಲ್ಲಿಯೇ ಎಂದು ನಮ್ಮ ಅನಿಸಿಕೆ. ವಾದಕ್ಕೆ ಬೇಕಾದ ಮಾತುಗಳನ್ನು ಅವನು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಕಲಿತಿರುತ್ತಾನೆ. ಅಜ್ಜಿಯ ಕನ್ನಡದಲ್ಲಿ ಅವನಿಗೆ ದೊರೆತಿರುವುದು ನೋವಿನ ಮಾತುಗಳು ಮಾತ್ರ. ಆ ಕನ್ನಡದಲ್ಲಿ ಅಧಿಕಾರವನ್ನು ಹೆಸರಿಸುವ 'ಹುಕುಂ', 'ಜುಲುಮೆ'ಗಳೂ ನಿಜಾಮರ ಆಡಳಿತಭಾಷೆಯಾಗಿದ್ದ ಉರ್ದುವಿನ ಬಳಕೆಗೆ ಸೇರಿದವು ಎಂಬುದು ಸ್ವಾರಸ್ಯಕರ. ಹೀಗಾಗಿ ಅಜ್ಜಿಯೆದುರು ಅವನು ಸುಮ್ಮನಿರುತ್ತಾನೆ. ಈ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳಲಾಗದು.

61ನೆಯ ತಿದ್ದುಪಡಿಯಿಂದಾಗಿ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿರುವುದರಿಂದ ಹದಿಹರೆಯದ ಕೊನೆಯ ಎರಡು ವರ್ಷಗಳ ಅಭಿಪ್ರಾಯ ಮತಪೆಟ್ಟಿಗೆಯವರೆಗೂ ತಲುಪುತ್ತದೆ. ಈ ಕ್ಷೇತ್ರದಲ್ಲಿ ದುಡಿಯುವ ಸಂಶೋಧಕರು ಒಂದೇ ಪ್ರಶ್ನಾವಳಿಯನ್ನು ಮನೆಯಲ್ಲಿ ಕನ್ನಡದಲ್ಲಿ ಒಮ್ಮೆ, ಶಾಲೆಯಲ್ಲಿ ಅಲ್ಲಿನ ಬೋಧನಭಾಷೆಯಲ್ಲಿ ಇನ್ನೊಮ್ಮೆ ಕೇಳುವುದು ಅವಶ್ಯ. ಮನೆಯಲ್ಲಿ ಕೇಳುವ ಕನ್ನಡ ಗ್ರಾಂಥಿಕವಾಗಿರದೆ ಬೀದರ-ಕಲಬುರಗಿಗಳ ಆಡುನುಡಿಯಾಗಿರಬೇಕು.